ಹಳದಿ ಮುದ್ದೆಯ ಹೇಳಿಕೆ

ಉತ್ತರ ಇಟಲಿಯಲ್ಲಿ, ಲೊಂಬಾರ್ಡಿಯ ಬಯಲಿನಂಚಿಗೆ ಗುಡ್ಡವೇರಿ ಕುಳಿತಿರುವ ಬೆರ್ಗಾಮೊ ನಗರದ ಕೋಟೆಯೊಳಗಣ ಮೇಲೂರಿನಲ್ಲಿ, ದನದ ಕೊಟ್ಟಿಗೆಯ ಸೊಬಗನ್ನು ಅರಮನೆಯ ಬೆಲೆಗೆ ಒದಗಿಸತಕ್ಕ ಭೋಜನಶಾಲೆಯೊಂದುಂಟೆಂದು ವಾಚಕರು ಭಾವಿಸಿಕೊಳ್ಳಬೇಕು. ಅದರ ಗೋಡೆಯ ಗಾರೆಯನ್ನು ಅಲ್ಲಲ್ಲಿ ಉದುರಿಸಿ ಕಲ್ಲು ಕಾಣಿಸುವುದಕ್ಕಾಗಿ ವಾಸ್ತುಶಿಲ್ಪಿಯೊಬ್ಬರಿಗೆ ಸಂಭಾವನೆ ಸಂದಿದೆ. ಹುಳು ಕೊರೆದ ಹಲಗೆಗಳನ್ನೇ ಹುಡುಕಿ ತರಿಸಿ ಮೇಜು ಮಾಡಿಸಿದೆ. ಎತ್ತಿನ ಹೆಗಲನ್ನೇ ಕಾಣದ ನೊಗವೊಂದು ತೊಲೆಯಿಂದ ತೂಗುತ್ತಿದೆ. ಉಣ್ಣುವುದಕ್ಕೆ ಮುನ್ನವೇ, ಕುಳಿತ ಮಾತ್ರಕ್ಕೆ, 'ಕೊಪೆರ್ತೊ' ಎಂಬ ಕಾಣಿಕೆಯು ಲೆಕ್ಕಕ್ಕೆ ಸೇರುತ್ತದೆ. ಆ ಪಾಕಶಾಲೆಯ ತಾಮ್ರದ ಕೊಪ್ಪರಿಗೆಯಲ್ಲಿ ಮಂದವಾಗಿ ಕುದಿಯುತ್ತಿದ್ದ, ಹಳದಿ ಹಿಟ್ಟಿನ ಮುದ್ದೆಯಾದ ಶ್ರೀಮತಿ ಪೊಲೆಂಟಾ ಅವರು, ನಡುನಡುವೆ ಗುಳ್ಳೆಯೊಡೆದು ನಿಟ್ಟುಸಿರು ಬಿಡುತ್ತ, ನನ್ನ ಪ್ರಶ್ನೆಗಳಿಗೆ ಉತ್ತರವಿತ್ತರು.

ಪ್ರಶ್ನೆ: ತಮ್ಮದು ರೋಮನರ ಕಾಲದಿಂದ ಅವಿಚ್ಛಿನ್ನವಾಗಿ ಬಂದ ಪರಂಪರೆಯೆಂದು ಇಲ್ಲಿಯ ಭಕ್ಷ್ಯಪಟ್ಟಿಯಲ್ಲಿ ಓದಿದೆನು.

ಪೊಲೆಂಟಾ: ಹೆಸರು ಹಳೆಯದು, ಮೈ ಹೊಸದು. ಪೂರ್ವಕಾಲದಲ್ಲಿ ಬರಗು, ಕಾಡುಗೋಧಿ, ಚೆಸ್ಟ್‌ನಟ್ ಕಾಯಿಯ ಹಿಟ್ಟು, ಹೀಗೆ ಕೈಗೆ ಸಿಕ್ಕಿದುದನ್ನು ನೀರಿನಲ್ಲಿ ಕಲಕಿ ಬಡವರು ನನ್ನ ಹೆಸರಿನಿಂದ ಉಣ್ಣುತ್ತಿದ್ದರು. 1628ರ ಕಥೆಯನ್ನು ಹೇಳುವ ಮಾಂಜೋನಿಯವರ ಕಾದಂಬರಿಯಲ್ಲಿ ಬಡವನ ಮನೆಯ ಮೇಜಿಗೆ ನಾನು ಬರುವುದು ಬೂದುಬಣ್ಣದವಳಾಗಿ. ಈ ಹಳದಿಯು ಅಮೆರಿಕದ ಮುಸುಕಿನ ಜೋಳದ ದಾನ. 1492ರಲ್ಲಿ ಕೊಲಂಬಸನು ದಾರಿತಪ್ಪಿ ಹೋಗದಿದ್ದರೆ ನನಗೆ ಈ ಕಾಂತಿಯೆಲ್ಲಿಯದು? ಹದಿನೆಂಟನೆಯ ಶತಮಾನದ ಹೊತ್ತಿಗೆ ವೆನಿಸ್ಸಿನ ಚಿತ್ರಕಾರ ಪಿಯೆತ್ರೊ ಲೊಂಗಿಯು ನನ್ನನ್ನು ಕೊಪ್ಪರಿಗೆಯಿಂದ ಮೇಜಿಗೆ ಸುರಿಯುವ ದೃಶ್ಯವನ್ನೇ ಪಟಕ್ಕೇರಿಸಿದನು. ಆ ಚಿತ್ರ ಈಗ ಕಾ ರೆಝೋನಿಕೊ ಎಂಬ ಅರಮನೆಯಲ್ಲಿದೆ. ನೋಡಿರಿ, ನಾನು ಅರಮನೆ ಸೇರಿದ್ದೂ ಮೊದಲು ಗೋಡೆಗೆ, ತಟ್ಟೆಗಲ್ಲ.

ಪ್ರಶ್ನೆ: ವೃದ್ಧೆಯೊಬ್ಬರು ಮುಕ್ಕಾಲು ಗಂಟೆ ಕೈಯಾರೆ ತಿರುವಿ ತಮ್ಮನ್ನು ಸಿದ್ಧಪಡಿಸುವರೆಂದೂ ಅಲ್ಲಿ ಬರೆದಿದೆ.

ಪೊಲೆಂಟಾ: ಮುಕ್ಕಾಲು ಗಂಟೆ ಸತ್ಯ. ವೃದ್ಧೆಯ ಭಾವಚಿತ್ರವನ್ನು ಮಾಲೀಕರು ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡರು. ತಿರುವುವುದು ಕೊಪ್ಪರಿಗೆಯ ಬಾಯಿಗೆ ಅಡ್ಡಲಾಗಿ ಬಿಗಿದ ವಿದ್ಯುತ್ ಯಂತ್ರ. ನನಗೆ ಆಕ್ಷೇಪವಿಲ್ಲ. ಹೊಗೆಗೆ ಕಣ್ಣೊಡ್ಡಿ, ರಟ್ಟೆ ಸೋಲುವವರೆಗೆ ಕೋಲಾಡಿಸುತ್ತಿದ್ದ ಹೆಂಗಸರನ್ನು ನಾನು ಬಲ್ಲೆನು. ಆಗ ಅದನ್ನು ಕಲೆಯೆಂದು ಕರೆಯುವವನು ಒಬ್ಬನೂ ಅಡುಗೆಮನೆಗೆ ಕಾಲಿಡಲಿಲ್ಲ.

ಪ್ರಶ್ನೆ: ಆದರೂ ಆಲ್ಬಾದ ಬಿಳಿಯ ಟ್ರಫಲನ್ನು ತಮ್ಮ ಮೇಲೆ ಹೆರೆದು ಬಡಿಸುವುದು ಗೌರವವಲ್ಲವೆ?

ಪೊಲೆಂಟಾ: ಅದಕ್ಕೊಂದು ಪೂರ್ವಕಥೆಯುಂಟು. ಬಡರೈತರ ಮನೆಗಳಲ್ಲಿ ಮೇಜಿನ ಮೇಲ್ಗಡೆ ಉಪ್ಪುಹಾಕಿದ ಹೆರಿಂಗ್ ಮೀನೊಂದನ್ನು ದಾರದಿಂದ ತೂಗುಬಿಡುತ್ತಿದ್ದರಂತೆ; ಮನೆಮಂದಿಯೆಲ್ಲ ತಂತಮ್ಮ ಪಾಲಿನ ಹೋಳನ್ನು, ಅಂದರೆ ನನ್ನನ್ನು, ಅದಕ್ಕೆ ಒಮ್ಮೆ ಸೋಕಿಸಿ ಉಣ್ಣುವರು. ಮೀನನ್ನು ಕಚ್ಚುವಂತಿಲ್ಲ, ವಾಸನೆಯಷ್ಟೇ ಅವರ ಪಾಲಿನದು. ಈಗ ರೇಷ್ಮೆಯ ಕೊರಳಪಟ್ಟಿಯ ಮಹನೀಯರ ಮುಂದೆ ಪರಿಚಾರಕನು ಬಿಳಿಯ ಕೈಗವಸು ತೊಟ್ಟು, ಟ್ರಫಲೆಂಬ ಆ ನೆಲದಡಿಯ ಅಣಬೆಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ನಾಲ್ಕು ಚೂರು ಉದುರಿಸುತ್ತಾನೆ. ಅವರೂ ಕಣ್ಮುಚ್ಚಿ ಮೂಸಿ ಧನ್ಯರಾಗುತ್ತಾರೆ. ಅಂದು ವಾಸನೆಯೊಂದನ್ನೇ ಉಂಡವರು ಹಣವಿಲ್ಲದವರು. ಇಂದು ಅದನ್ನೇ ಉಣ್ಣುವುದಕ್ಕೆ ಹಣವಿರಬೇಕು. ಹೆರಿಂಗಾದರೋ ವಾರವೆಲ್ಲ ಬಾಳಿಕೆ ಬರುತ್ತಿತ್ತು.

(ಈ ಹಂತದಲ್ಲಿ ಕೊಪ್ಪರಿಗೆಯಿಂದ ಬಿಸಿ ಹನಿಯೊಂದು ಹಾರಿ ನನ್ನ ಟಿಪ್ಪಣಿಯ ಮೇಲೆ ಬಿದ್ದಿತು. ಮುಂದಣ ಪ್ರಶ್ನೆಯನ್ನು ಆಕೆ ಊಹಿಸಿದ್ದಿರಬೇಕು.)

ಪ್ರಶ್ನೆ: ತಮ್ಮ ಮೇಲೆ ಒಂದು ಗುರುತರವಾದ ಆಪಾದನೆಯುಂಟು.

ಪೊಲೆಂಟಾ: ಪೆಲಾಗ್ರ. ಹೇಳಿರಿ, ಅಂಜಬೇಡಿರಿ. ಬಿಸಿಲು ಸೋಕಿದೆಡೆ ಚರ್ಮ ಒಡೆದು, ಉದರ ಕೆಟ್ಟು, ಕಡೆಗೆ ಬುದ್ಧಿಭ್ರಮಣೆಯಾಗಿ, ವೆನೆಟೊ ಮತ್ತು ಲೊಂಬಾರ್ಡಿಯ ರೈತರು ಹುಚ್ಚಾಸ್ಪತ್ರೆಗಳನ್ನು ತುಂಬಿದರು. ವೆನಿಸ್ಸಿನ ಸಾನ್ ಸೆರ್ವೊಲೊ ದ್ವೀಪದ ಆಸ್ಪತ್ರೆಯಲ್ಲಿಯೂ ಅವರಿದ್ದರು. ಮಿಲಾನಿನ ವೈದ್ಯ ಫ್ರಾಪೊಲಿಯು 1771ರಲ್ಲಿ ರೋಗಕ್ಕೆ ಆ ಹೆಸರನ್ನು ಬಳಕೆಗೆ ತಂದನು. ತಲೆಬುರುಡೆಯನ್ನಳೆದು ಅಪರಾಧಿಗಳನ್ನು ಗುರುತಿಸುತ್ತಿದ್ದ ಲೊಂಬ್ರೋಸೊ ಮಹಾಶಯರು ಬೂಷ್ಟು ಹಿಡಿದ ಜೋಳವೇ ಕಾರಣವೆಂದು ತೀರ್ಪಿತ್ತರು. ನಿಜಾಂಶವಾದರೋ ಬೇರೆ: ಮುಸುಕಿನ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವವು ಬಿಗಿದ ಮುಷ್ಟಿಯೊಳಗಣ ನಾಣ್ಯದಂತೆ ದೇಹಕ್ಕೆ ದಕ್ಕುವುದಿಲ್ಲ. ಮೆಕ್ಸಿಕೊದ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಮುಷ್ಟಿಯನ್ನು ಬಿಡಿಸುತ್ತಿದ್ದರು. ಯೂರೋಪಿನವರು ಬೀಜವನ್ನು ಹಡಗಿಗೇರಿಸಿದರು. ಅದನ್ನು ಬೇಯಿಸುತ್ತಿದ್ದವರನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಪ್ರಶ್ನೆ: ಹಾಗಾದರೆ ದೋಷ ಅಜ್ಞಾನದ್ದು.

ಪೊಲೆಂಟಾ: ಅರ್ಧ ಮಾತ್ರ. ಗೋಧಿ ಬೆಳೆದವನೂ ಆ ರೈತನೇ ಅಲ್ಲವೆ? ಗೋಧಿ ಒಡೆಯನ ಕಣಜಕ್ಕೆ ಹೋಯಿತು. ರೈತನಿಗೆ ನಾನು ಬೆಳಿಗ್ಗೆ, ನಾನು ಸಂಜೆ. ಅಮೆರಿಕದಲ್ಲಿ ಗೋಲ್ಡ್‌ಬರ್ಗರ್ ವೈದ್ಯರು ಇದು ಸೋಂಕಲ್ಲ, ಊಟದ ಕೊರತೆಯೆಂದು ಸಾಧಿಸಿ ತೋರಿಸಿದರು. 1937ರಲ್ಲಿ ಎಲ್ವೆಹೆಮ್ ಎಂಬವರು ಔಷಧವನ್ನು ಗುರುತಿಸಿದರು. ಆದರೆ ಅಷ್ಟು ಹೊತ್ತಿಗೆ ಇಲ್ಲಿ ಬಡವನ ತಟ್ಟೆಗೆ ಬೇರೆ ಪದಾರ್ಥವೂ ಬೀಳತೊಡಗಿ ರೋಗವು ಬಹುಮಟ್ಟಿಗೆ ಹಿಮ್ಮೆಟ್ಟಿತ್ತು. ನನ್ನನ್ನು ತಿಂದು ಯಾರೂ ಕೆಡಲಿಲ್ಲ. ನನ್ನನ್ನು ಮಾತ್ರವೇ ತಿಂದು ಕೆಟ್ಟರು.

(ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು, ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳವೊಂದನ್ನೇ ನೆಚ್ಚಿದ ಬಡವರಲ್ಲಿಯೂ ಇದೇ ರೋಗವನ್ನು ಕಂಡು 1960ರಲ್ಲಿ ಬರೆದುದನ್ನು ನಾನು ತಿಳಿಸಲು, ಆಕೆ "ಜೋಳ ಯಾವುದಾದರೇನು, ಒಡೆಯರು ಎಲ್ಲಿಯೂ ಇದ್ದಾರೆ" ಎಂದರು.)

ಪ್ರಶ್ನೆ: ಸರಳವಾದ ಹಳ್ಳಿಯ ಊಟವೇ ಆರೋಗ್ಯದ ಗುಟ್ಟೆಂದು ಅತಿಥಿಗಳು ಮೇಜಿನಲ್ಲಿ ಹೊಗಳುತ್ತಿದ್ದಾರೆ.

ಪೊಲೆಂಟಾ: ಹೊಗಳಲಿ. ನನ್ನ ಹಿಂದೆ ಹಂದಿಮಾಂಸ, ಅದರ ಹಿಂದೆ ಗಿಣ್ಣು, ಕಡೆಗೆ ತಿರಮಿಸು, ಹೊರಗೆ ಕಾರು. ಬಿಟ್ಟುಹೋಗಬಲ್ಲವರಿಗೆ ನಾನು ಬಲು ರುಚಿ. ದಿನಕ್ಕೆರಡು ಬಾರಿ ನನ್ನನ್ನೇ ಉಂಡವನು ನಾಲ್ಕು ಕಾಸು ಕಂಡೊಡನೆ ಕೊಂಡದ್ದು ಬಿಳಿಯ ರೊಟ್ಟಿ. ಆತನ ಮೇಲೆ ನನಗೆ ಲೇಶವೂ ಮುನಿಸಿಲ್ಲ.

ಪ್ರಶ್ನೆ: ತಮ್ಮ ಸಿಹಿಯ ಅವತಾರವೊಂದನ್ನು ಈ ಊರಿನ ಮಿಠಾಯಿ ಅಂಗಡಿಯ ಗಾಜಿನಲ್ಲಿ ಕಂಡೆನು.

ಪೊಲೆಂಟಾ: ಅವಳು ನಮ್ಮವಳಲ್ಲ. ಹಳದಿ ಬಾದಾಮಿ ಹಿಟ್ಟು ಹೊದ್ದ ಕೇಕು. ಮೇಲೆ ಚಾಕೊಲೇಟಿನ ಹಕ್ಕಿಗಳು. ಜೋಳದ ಒಂದು ಕಾಳೂ ಒಳಗಿರಬೇಕಾಗಿಲ್ಲ. ಪ್ರವಾಸಿಗರು ಭಾವಚಿತ್ರ ತೆಗೆಯುವುದು ಹೆಚ್ಚಾಗಿ ಅವಳನ್ನೇ.

ಪ್ರಶ್ನೆ: ಇಂದು ರಾತ್ರಿ ಮಿಕ್ಕುಳಿದರೆ ತಮ್ಮ ಗತಿಯೇನು?

ಪೊಲೆಂಟಾ: ಹಲಗೆಯ ಮೇಲೆ ಹರಡಿ ಆರಲು ಬಿಡುವರು, ಬೆಳಗಾಗುವಷ್ಟರಲ್ಲಿ ಗಟ್ಟಿಯಾಗುವೆನು. ದಾರದಿಂದ ಕೊಯ್ದು ಕೆಂಡದ ಮೇಲೆ ಸುಡುವರು. ಹಿಂದೆ ಅದನ್ನು ರೈತನು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದನು. ನಾಳೆ ಮಧ್ಯಾಹ್ನ ಅದು ಭಕ್ಷ್ಯಪಟ್ಟಿಯ ಮೊದಲನೆಯ ಸಾಲಿನಲ್ಲಿರುತ್ತದೆ, ಇಂದಿನ ಬೆಲೆಗಿಂತ ಎರಡು ಯೂರೊ ಹೆಚ್ಚಿಗೆ. ಬರುವುದಾದರೆ ಮೊದಲೇ ಮೇಜು ಕಾದಿರಿಸಿಕೊಳ್ಳಿರಿ.