ಮೊಲಕ್ಕೆ ಆರತಿ ಎತ್ತಬೇಡಿ

ಈಸ್ಟರ್ ಹಬ್ಬ ಹತ್ತಿರ ಬಂತೆಂದರೆ ಅಮೆರಿಕದಲ್ಲಿ ಮೊಲದ ಮರಿಗೆ ಎಲ್ಲಿಲ್ಲದ ಬೇಡಿಕೆ. ಹಬ್ಬ ಮುಗಿದು ಮಕ್ಕಳ ಆಸೆ ತೀರುವ ಹೊತ್ತಿಗೆ ಅವೇ ಮರಿಗಳು ಬೆಳೆದು, ಸೋಫಾ ಕಡಿದು, ಪ್ರಾಣಿಗಳ ಆಶ್ರಯ ಕೇಂದ್ರದ ಬಾಗಿಲಿಗೆ ಬಂದು ಬೀಳುತ್ತವೆ. ಅಲ್ಲಿಯವರೆಗೆ ಹೋಗಲೂ ಸೋಮಾರಿತನ ಪಡುವವರು ಪಾರ್ಕಿನ ಪೊದೆಯಲ್ಲಿ ಬಿಟ್ಟು ಕಾರು ಹತ್ತುತ್ತಾರೆ. ಮನೆಯಲ್ಲಿ ಬೆಳೆದ ಮೊಲಕ್ಕೆ ಹೊರಗೆ ಬದುಕುವ ವಿದ್ಯೆ ಗೊತ್ತಿಲ್ಲ. ಗಿಡುಗನಿಗೋ ನಾಯಿಗೋ ಬಲಿಯಾಗುವುದೇ ಹೆಚ್ಚು. ತಳಿಗಾರರು ಬೆಳೆಸಿದ ನಾಯಿ, ಬೆಕ್ಕು, ಮೊಲಗಳನ್ನು ಅಂಗಡಿಯಲ್ಲಿಟ್ಟು ಮಾರುವುದನ್ನು ಕ್ಯಾಲಿಫೋರ್ನಿಯಾ ಸರ್ಕಾರ 2019ರ ಜನವರಿಯಿಂದಲೇ ನಿಲ್ಲಿಸಿದೆ. ಆದರೂ ಪೊದೆಗಳು ಖಾಲಿಯಾಗಿಲ್ಲ.

ಅಂಥ ಒಂದು ಪೊದೆಯಿಂದ ಸ್ವಯಂಸೇವಕರು ಹಿಡಿದು ತಂದಿದ್ದ, ಕಿವಿಯ ತುದಿ ಹರಿದ ಕಂದು ಮೊಲವೊಂದು ಫ್ರೀಮಾಂಟಿನ ಮೈಸೂರು ಕುಟುಂಬವೊಂದರ ಪಾಲಿಗೆ ಬಂತು. ಮೊಮ್ಮಗಳು ಬಣ್ಣ ನೋಡಿ ‘ಮೋಕಾ’ ಎಂದು ಹೆಸರಿಟ್ಟಳು. ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. “ಚಂದ್ರನ ಮೇಲೆ ಕೂತಿರೋ ಪ್ರಾಣಿಗೆ ಕಾಫಿ ಹೆಸರು ಯಾಕೇ? ಶಶಾಂಕ ಅನ್ನು” ಎಂದರು. ಮೊಲ ಎರಡಕ್ಕೂ ಓಗೊಡಲಿಲ್ಲ.

ಓಗೊಡುವ ಸ್ಥಿತಿಯಲ್ಲಿ ಅದು ಇರಲೂ ಇಲ್ಲ. ಮನೆಗೆ ಹೊಸದಾಗಿ ಬರುವ ಜೀವವನ್ನು ಹಾಗೇ ಒಳಗೆ ಕರೆದುಕೊಳ್ಳುವುದುಂಟೇ? ಹೊಸಿಲಲ್ಲಿ ಕುಂಕುಮದ ನೀರಿನ ತಟ್ಟೆ, ಅದರ ನಡುವೆ ಉರಿಯುವ ಕರ್ಪೂರ, ಮೊಮ್ಮಗಳ ಕೈಯಲ್ಲಿ ದೇವರ ಗಂಟೆ, ಮಗನ ಕೈಯಲ್ಲಿ ಮೊಲದ ಪೆಟ್ಟಿಗೆ. ವಾಟ್ಸಾಪಿನ ವಿಡಿಯೋದಲ್ಲಿ ಕುವೆಂಪುನಗರದ ಅತ್ತೆ, ಬ್ರಿಸ್ಬೇನಿನ ಚಿಕ್ಕಪ್ಪ, ಹೂಸ್ಟನ್ನಿನ ಭಾವ, ಎಲ್ಲರೂ ಒಟ್ಟಿಗೆ “ಎಲ್ಲಿ, ತೋರಿಸಿ, ತೋರಿಸಿ” ಎಂದು ಕೂಗುತ್ತಿದ್ದರು. ಪೆಟ್ಟಿಗೆಯೊಳಗೆ ಮೊಲ ಕಿವಿಗಳನ್ನು ಬೆನ್ನಿಗಂಟಿಸಿ, ಹೊಟ್ಟೆಯನ್ನು ನೆಲಕ್ಕೊತ್ತಿ, ಕಣ್ಣುಗುಡ್ಡೆ ಹೊರಬರುವಂತೆ ಕೂತಿತ್ತು. “ಎಷ್ಟು ಸಾಧು ನೋಡಿ, ಮಿಸುಕಾಡ್ತಾನೇ ಇಲ್ಲ!” ಎಂದು ಹೂಸ್ಟನ್ ಮೆಚ್ಚಿಕೊಂಡಿತು.

ಅದು ಸಾಧುತನವಲ್ಲ, ಪ್ರಾಣಭಯ. ಬೇಟೆಗೆ ಸಿಗುವ ಪ್ರಾಣಿ ಓಡಲು ದಾರಿಯಿಲ್ಲದಾಗ ಕಲ್ಲಾಗಿ ಕೂರುತ್ತದೆ. ಮೊಲವನ್ನು ಬೆನ್ನ ಮೇಲೆ ಮಲಗಿಸಿದರೆ ನಿದ್ದೆಗೆ ಜಾರಿದಂತೆ ಕಾಣುತ್ತದಲ್ಲ, ಅದೂ ಇದೇ ಭಯದ ಇನ್ನೊಂದು ರೂಪ. ಜನ ಅದನ್ನು ಮುದ್ದು ಎಂದುಕೊಂಡು ವಿಡಿಯೋ ಮಾಡಿ ಹಂಚುತ್ತಾರೆ.

ಮನೆಯಲ್ಲಿ ಇದನ್ನೆಲ್ಲ ಓದಿಕೊಂಡಿದ್ದವಳು ಸೊಸೆ ಒಬ್ಬಳೇ. ಓದಲು ಫ್ರೀಮಾಂಟ್ ಇರುವ ಬೇ ಏರಿಯಾದಲ್ಲಿ ಕೊರತೆಯೂ ಇಲ್ಲ. ಹಿತ್ತಲಿನ ಗೂಡಿನಲ್ಲಿದ್ದ ಮೊಲವನ್ನು ಅಮೆರಿಕದ ನಡುಮನೆಗೆ ತಂದ ಪುಸ್ತಕ, ಮಾರಿನೆಲ್ ಹ್ಯಾರಿಮನ್ ಬರೆದ ‘ಹೌಸ್ ರ‍್ಯಾಬಿಟ್ ಹ್ಯಾಂಡ್‌ಬುಕ್’, ಹೊರಬಂದದ್ದು 1985ರಲ್ಲಿ. ಅವರೂ ಗೆಳೆಯರೂ ಸೇರಿ 1988ರಲ್ಲಿ ಇದೇ ಕ್ಯಾಲಿಫೋರ್ನಿಯಾದಲ್ಲಿ ‘ಹೌಸ್ ರ‍್ಯಾಬಿಟ್ ಸೊಸೈಟಿ’ ಕಟ್ಟಿದರು. ಸೊಸೆ ಓದಿದ್ದರ ಸಾರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು: ಮೊದಲು ಒಂದೇ ಕೋಣೆ ಕೊಡಿ. ಯಾರೂ ಎತ್ತಿಕೊಳ್ಳಬೇಡಿ. ನೆಲದ ಮೇಲೆ ಕೂತುಕೊಳ್ಳಿ. ಅದಾಗಿ ಬರುವವರೆಗೆ ಕಾಯಿರಿ.

ಕಾಯುವುದೆಂದರೇನು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಬಂದವರಿಗೆ ಪ್ರೀತಿ ತೋರಿಸುವುದೆಂದರೆ ಮೈಮೇಲೆ ಬೀಳುವುದು: ನೀರು ಬೇಕಾ, ಕಾಫಿನಾ ಟೀನಾ, ಯಾಕೆ ಸೊರಗಿದ್ದೀರಿ, ಇನ್ನೊಂದು ಹಾಕಿಸಿಕೊಳ್ಳಿ. ಮೊಲಕ್ಕೆ ಇದರಲ್ಲಿ ಒಂದೂ ಬೇಡ.

ಜೊತೆಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ ಎಲ್ಲರೂ. ಮಗ ಕಾರ್ಟೂನು ನೋಡಿ ಬೆಳೆದವನು, ಕ್ಯಾರೆಟ್ಟೇ ಆಹಾರ ಎಂದ. ಕ್ಯಾರೆಟ್ಟಿನಲ್ಲಿ ಸಕ್ಕರೆ ಜಾಸ್ತಿ. ಚೂರು ಕೊಟ್ಟರೆ ಹಬ್ಬ, ದಿನವೂ ಕೊಟ್ಟರೆ ಹೊಟ್ಟೆ ಕೆಟ್ಟಿತು. ಅಜ್ಜಿ ಅವಲಕ್ಕಿ ಬಾಳೆಹಣ್ಣು ಎಂದರು. ವಾಸ್ತವವಾಗಿ ಮೊಲದ ಊಟದಲ್ಲಿ ಮುಕ್ಕಾಲಿಗೂ ಮಿಕ್ಕಿ ಬರೀ ಒಣಹುಲ್ಲು. ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದೇ ಅದು ಸವೆಯಬೇಕು; ಕರುಳು ನಡೆಯುವುದೂ ಅದೇ ನಾರಿನಿಂದ. “ಅಷ್ಟು ದೂರದಿಂದ ಬಂದು ದನದ ಮೇವು ತಿನ್ನಬೇಕಾ ಪಾಪ” ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಮೊಲ ಬಂದದ್ದು ಅದೇ ಊರಿನ ಪಾರ್ಕಿನಿಂದ.

ಏಕಾದಶಿಯ ದಿನ ಇನ್ನೊಂದು ಪ್ರಕರಣ. ಮೊಲ ಬೆಳಗಿನಿಂದ ಹುಲ್ಲು ಮುಟ್ಟಿರಲಿಲ್ಲ. “ಅದಕ್ಕೂ ಗೊತ್ತು ನೋಡು” ಎಂದು ಅಜ್ಜಿ ಕೈಮುಗಿದರು. ಸೊಸೆಯ ಜೀವ ಬಾಯಿಗೆ ಬಂತು. ಮೊಲ ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಕರುಳು ನಿಂತಿತೆಂದೇ ತಿಳಿದು ಡಾಕ್ಟರ ಬಳಿ ಓಡಬೇಕು. ಹೆದರಿಕೆಯೊಂದೇ ಸಾಕು ಹಾಗಾಗಲು. ಕೊನೆಗೆ ಅದನ್ನು ಗೂಡಿನಿಂದ ಹೊರಗೆ ಎಳೆದದ್ದು ಔಷಧಿಯಲ್ಲ, ಅಡುಗೆಮನೆಯ ಕೊತ್ತಂಬರಿ. ಪುದೀನ, ಸಬ್ಬಸಿಗೆಯೂ ಅದಕ್ಕೆ ಆಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ವಿಷ. ಇದನ್ನು ಕೇಳಿದ್ದೇ ಅಜ್ಜಿಯ ಅಭಿಪ್ರಾಯ ಪೂರ್ತಿ ಬದಲಾಯಿತು. “ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ವಾ? ನಾನು ಹೇಳಲಿಲ್ವಾ, ಒಳ್ಳೇ ಮನೆಯದು ಅಂತ.”

ಆ ಗೌರವಕ್ಕೆ ಒಂದು ಮುಂಜಾನೆ ಧಕ್ಕೆ ಬಂತು. ಮೊಲ ಬಗ್ಗಿ ತನ್ನ ಹಿಂಭಾಗದಿಂದಲೇ ಏನನ್ನೋ ಬಾಯಿಗೆ ತೆಗೆದುಕೊಂಡದ್ದು ಅಜ್ಜಿಯ ಕಣ್ಣಿಗೆ ಬಿತ್ತು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ: ಒಂದು ಒಣ ಗುಂಡು, ಇನ್ನೊಂದು ಮೆತ್ತನೆಯ ಗೊಂಚಲು. ಎರಡನೆಯದರಲ್ಲಿ ಪೋಷಕಾಂಶಗಳಿರುತ್ತವೆ, ಅದನ್ನು ಮತ್ತೆ ತಿನ್ನದಿದ್ದರೆ ಮೊಲಕ್ಕೆ ಆರೋಗ್ಯವಿಲ್ಲ. ಸೊಸೆ ಹೀಗೆಂದು ವಿವರಿಸುತ್ತಿದ್ದಾಗ ಅಜ್ಜಿ ಆಗಲೇ ಸ್ನಾನಕ್ಕೆ ಹೋಗಿಯಾಗಿತ್ತು.

ಕೋಣೆಯ ವ್ಯವಸ್ಥೆಯಲ್ಲಿ ಎಲ್ಲರ ಕೈಯೂ ಇತ್ತು. ಕಾಸ್ಟ್‌ಕೋದಿಂದ ಬಂದ ರಟ್ಟಿನ ಪೆಟ್ಟಿಗೆಗೆ ಮಗ ಎರಡು ಬಾಗಿಲು ಕೊರೆದ. ಒಂದೇ ಬಾಗಿಲಿನ ಗೂಡಿನಲ್ಲಿ ಮೊಲ ನೆಮ್ಮದಿಯಾಗಿರುವುದಿಲ್ಲ, ಅದರ ಲೆಕ್ಕದಲ್ಲಿ ನರಿ ಯಾವಾಗಲೂ ಮುಂಬಾಗಿಲಿನಿಂದಲೇ ಬರುವುದು. ಅಜ್ಜಿಯ ಜೊತೆ ಬಂದಿದ್ದ ತಾತ ಆಕ್ಷೇಪಿಸಿದರು: ಎಚ್.ಡಿ. ಕೋಟೆಯ ಹೊಲಗಳಲ್ಲಿ ಅವರು ಕಂಡ ಮೊಲಗಳು ಬಿಲ ತೋಡುತ್ತಲೇ ಇರಲಿಲ್ಲ. ಅವರು ಹೇಳಿದ್ದು ನಿಜವೇ. ನಮ್ಮ ಕಾಡುಮೊಲ ಬೇರೆ ಜಾತಿ. ಅದರ ಮರಿಗಳು ಬಯಲಲ್ಲೇ, ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೆ ಹುಟ್ಟುತ್ತವೆ. ಸಾಕುಮೊಲದ ಮೂಲ ಯುರೋಪಿನ ಬಿಲವಾಸಿ. ಅದರ ಮರಿಗಳು ಬೆತ್ತಲೆ, ಕುರುಡು. ಬಚ್ಚಿಟ್ಟುಕೊಳ್ಳುವ ಜಾಗ ಅದಕ್ಕೆ ವಂಶದಿಂದ ಬಂದ ಹಕ್ಕು. ಅಂಗಾಲಿನಲ್ಲಿ ನಾಯಿಗಿರುವಂಥ ಮೆತ್ತೆಯಿಲ್ಲ, ಬರೀ ಕೂದಲು. ನುಣುಪಾದ ಮರದ ನೆಲದ ಮೇಲೆ ಜಾರುತ್ತದೆ. ಹಾಗಾಗಿ ಮದುವೆಗೆ ಉಡುಗೊರೆಯಾಗಿ ಬಂದು, ಮಡಿಕೆ ಬಿಚ್ಚದೆ ಕಪಾಟಿನಲ್ಲಿದ್ದ ನವಲಗುಂದದ ಜಮಖಾನ ಕೊನೆಗೂ ನೆಲ ಕಂಡಿತು. ಅದರ ಒಂದು ಮೂಲೆ ಈಗ ಇಲ್ಲ.

ಶಬ್ದದ ವಿಷಯದಲ್ಲಿ ಮಾತ್ರ ರಾಜಿ ಕಷ್ಟವಾಯಿತು. ಕುಕ್ಕರ್ ಸೀಟಿ ಹಾಕಿದರೆ ಮೊಲ ಹಿಂಗಾಲಿನಿಂದ ನೆಲಕ್ಕೆ ಧಡ್ ಎಂದು ಗುದ್ದುವುದು. ಬಿಲದಲ್ಲಿದ್ದ ಬಳಗಕ್ಕೆ ಅಪಾಯ ಸಾರುವ ಕ್ರಮ ಅದು. ಮರದ ಮನೆ, ಸದ್ದು ಕೆಳಗಿನವರೆಗೂ ಕೇಳುತ್ತದೆ. ಮಿಕ್ಸಿ ಹಾಕಿದರೆ ಇನ್ನೊಂದು ಗುದ್ದು. ಚಟ್ನಿಯನ್ನು ಗ್ಯಾರೇಜಿನಲ್ಲಿ ರುಬ್ಬುವ ಪದ್ಧತಿ ಆ ಮನೆಯಲ್ಲಿ ಶುರುವಾದದ್ದು ಹೀಗೆ. ಬ್ರಿಸ್ಬೇನಿನ ಚಿಕ್ಕಪ್ಪ ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕರು. ಅವರಿಗೇನು, ಅವರಿರುವ ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯಲ್ಲಿ ಮೊಲ ಸಾಕುವುದೇ ಅಪರಾಧ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಶೋಕಿಗೆಂದು ವಿಕ್ಟೋರಿಯಾದಲ್ಲಿ ಬಿಟ್ಟ ಮೊಲಗಳು ಆಸ್ಟ್ರೇಲಿಯಾದ ಬೆಳೆಯನ್ನೆಲ್ಲ ಮೇಯ್ದ ನೆನಪು ಆ ದೇಶಕ್ಕೆ ಇನ್ನೂ ಹಸಿಯಾಗಿದೆ. ಅನುಮತಿ ಸಿಗುವುದು ಸಂಶೋಧನೆ, ಪ್ರದರ್ಶನದಂಥ ಕೆಲವೇ ಕಾರಣಗಳಿಗೆ. ಆ ಪಟ್ಟಿಯಲ್ಲಿ ಜಾದೂಗಾರರಿದ್ದಾರೆ, ಸಾಫ್ಟ್‌ವೇರ್ ಎಂಜಿನಿಯರುಗಳಿಲ್ಲ.

ಮೊಲವನ್ನು ಒಲಿಸಿಕೊಂಡವರು ಕೊನೆಗೆ ತಾತ. ಅವರು ಏನನ್ನೂ ಮಾಡಲಿಲ್ಲ, ಅದೇ ಅವರ ಯೋಗ್ಯತೆ. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಕಡಿಮೆ, ಅಮೆರಿಕದ ಮೆತ್ತನೆ ಹಾಸಿಗೆ ಬೆನ್ನಿಗೆ ಆಗುವುದಿಲ್ಲವೆಂದು ಮೊಲದ ಕೋಣೆಯ ನೆಲದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಎದೆಯ ಮೇಲೆ ಟ್ಯಾಬ್ಲೆಟ್, ಅದರಲ್ಲಿ ಮೈಸೂರಿನ ಪೇಪರು. ನಿಂತ ಮನುಷ್ಯ ಮೊಲಕ್ಕೆ ಬೇಟೆಗಾರ. ಮಲಗಿದವನು ನೆಲದ ಒಂದು ಉಬ್ಬು, ಅಷ್ಟೆ. ಮೊಲಗಳು ಚುರುಕಾಗುವುದು ಮುಂಜಾವು, ಮುಸ್ಸಂಜೆಗಳಲ್ಲಿ. ಒಂದು ಸಂಜೆ ಮೋಕಾ ಪೆಟ್ಟಿಗೆಯಿಂದ ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಒಳಗೇ ಇಟ್ಟುಕೊಂಡು, ತಾತನ ಹೆಬ್ಬೆರಳು ಮೂಸಿ ಹಿಂದಕ್ಕೆ ಓಡಿತು. ಮತ್ತೆ ಬಂತು. ಗಲ್ಲವನ್ನು ಅವರ ಮೊಣಕಾಲಿಗೆ ಉಜ್ಜಿತು. ಮೊಲದ ಗಲ್ಲದಲ್ಲಿ ವಾಸನೆಯ ಗ್ರಂಥಿಗಳಿವೆ, ಹಾಗೆ ಉಜ್ಜಿದ್ದೆಲ್ಲ ಅದರ ಆಸ್ತಿ. ಆಮೇಲೆ ಪಂಚೆಯ ಅಂಚನ್ನು ನಿಧಾನವಾಗಿ ತಿನ್ನತೊಡಗಿತು. ತಾತ ಪುಟ ತಿರುಗಿಸಿದರು.

“ನಲವತ್ತು ವರ್ಷ ನನ್ನ ಹತ್ತಿರಾನೂ ಹೀಗೇ ಕೂತಿದ್ರು, ಯಾರೂ ಹೊಗಳಲಿಲ್ಲ” ಎಂದರು ಅಜ್ಜಿ, ಬಾಗಿಲ ಸಂದಿಯಿಂದ. “ರೀ, ಪಂಚೆ!”

ತಾತನಿಗೆ ದಕ್ಕಿದ್ದು ಮೊಮ್ಮಗಳಿಗೂ ನಿಧಾನಕ್ಕೆ ದಕ್ಕಿತು, ಅವಳು ಕೈಯನ್ನು ಮೂಗಿನ ಮುಂದೆ ಚಾಚುವುದನ್ನು ಬಿಟ್ಟ ಮೇಲೆ. ಮೊಲಕ್ಕೆ ಹಿಂದಿನದೂ ಕಾಣುತ್ತದೆ, ಮೂಗಿನ ತುದಿಯ ನೇರಕ್ಕಿರುವುದು ಕಾಣುವುದಿಲ್ಲ. ಪಕ್ಕದಿಂದ ಬಂದು ಹಣೆ ಸವರಬೇಕು. ಈಗ ಸಂಜೆಯಾದರೆ ಮೋಕಾ ಗಾಳಿಯಲ್ಲೇ ಮೈ ತಿರುಚಿ ಜಿಗಿಯುತ್ತದೆ, ಅದು ಖುಷಿಯ ಗುರುತು. ವೈಫೈ ತಂತಿಯನ್ನೂ ಎರಡು ತುಂಡು ಮಾಡಿದೆ, ಅದೂ ಖುಷಿಗೇ ಇರಬೇಕು. ಎತ್ತಿಕೊಳ್ಳಲು ಮಾತ್ರ ಯಾರಿಗೂ ಬಿಡುವುದಿಲ್ಲ. ಬಿಡದಿದ್ದರೇ ಕ್ಷೇಮ, ಕೊಸರಾಡುತ್ತ ಹಿಂಗಾಲು ಝಾಡಿಸಿದರೆ ಮೊಲದ ಬೆನ್ನುಮೂಳೆಯೇ ಮುರಿಯಬಹುದು.

ಇದನ್ನು ಓದಿ ಆಸೆಯಾದ ಹೊರನಾಡ ಕನ್ನಡಿಗರಿಗೆ ಎರಡು ಮಾತು. ಮೊಲದ ಆಯಸ್ಸು ಎಂಟರಿಂದ ಹನ್ನೆರಡು ವರ್ಷ. ಇಂದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಭಾರತೀಯನ ಸರದಿ ಬರುವುದರೊಳಗೆ ಅದು ಮುದಿಯಾಗಿರುತ್ತದೆ. ನಾಯಿ ಬೆಕ್ಕು ನೋಡುವ ಡಾಕ್ಟರೆಲ್ಲ ಮೊಲ ನೋಡುವುದಿಲ್ಲ, ನೋಡುವವರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ನೀವು ಮನೆಮಂದಿಯೆಲ್ಲ ಬೆಂಗಳೂರಿಗೆ ಹೊರಟಾಗ ದಿನಕ್ಕೆರಡು ಸಲ ಬಂದು ಹುಲ್ಲು ಹಾಕುವ ಸ್ನೇಹಿತರೊಬ್ಬರನ್ನು ಈಗಲೇ ಒಪ್ಪಿಸಿ. ಅವರು ಒಪ್ಪಿದ ಮೇಲೆ ಮೊಲ ತನ್ನಿ.