ಬಂದರು-ಅತಿಕ್ರಮಣ ಮೀಮಾಂಸೆ: ಹಂಗಾರಕಟ್ಟೆ ಪ್ರಕರಣ

ಬಂದರುಗಳ ಬಗ್ಗೆ ಗ್ರಂಥ ರಚಿಸುವ ಅಧಿಕಾರ ಹಂಗಾರಕಟ್ಟೆಯವರಿಗೆ ಹುಟ್ಟಿನಿಂದಲೇ ಬಂದದ್ದು. ಸೀತೆ, ಸುವರ್ಣೆ ನದಿಗಳೆರಡೂ ಇಲ್ಲೇ ಕಡಲು ಸೇರುತ್ತವೆ, ಆಚೆ ದಡದಲ್ಲಿ ಕೋಡಿ ಬೆಂಗ್ರೆ. ಆದರೆ ಈ ಪ್ರಬಂಧದ ಬಂದರು ಅಳಿವೆಯದಲ್ಲ. ಪೇಟೆಯ ಒಂದು ಅಂಗಡಿಯ ಕಂಪ್ಯೂಟರಿನೊಳಗಿನದು. ಅದರಲ್ಲಿ 65,535 ಪೋರ್ಟುಗಳು, ಅಂದರೆ ತಂತ್ರಾಂಶಗಳು ಸಂಪರ್ಕಕ್ಕಾಗಿ ಕಾದು ಕೂರುವ ಸಂಖ್ಯೆ ಹಾಕಿದ ಕಟ್ಟೆಗಳಿವೆ. ಅಷ್ಟಿದ್ದೂ ಬಿಲ್ಲಿಂಗ್ ಸಾಫ್ಟ್‌ವೇರಿಗೂ ಸಿಸಿಟಿವಿ ಸಾಫ್ಟ್‌ವೇರಿಗೂ 8080ನೆಯದೇ ಬೇಕು.

ಕ್ಷೇತ್ರಕಾರ್ಯಕ್ಕೆ ಮಳೆಗಾಲ ಪ್ರಶಸ್ತ. ಕರೆಂಟು ಹೋಗಿ ಬಂದಾಗಲೆಲ್ಲ ಸಂಶೋಧಕನಿಗೆ ಖರ್ಚಿಲ್ಲದೆ ಹೊಸದೊಂದು ಪ್ರಯೋಗ. ಒಮ್ಮೆ ಬಿಲ್ಲು ಬರುತ್ತದೆ, ಕ್ಯಾಮೆರಾ ಇಲ್ಲ. ಇನ್ನೊಮ್ಮೆ ಕ್ಯಾಮೆರಾದಲ್ಲಿ ಬಿಲ್ಲಿಗೆ ಕಾದು ನಿಂತ ಗಿರಾಕಿಯ ಮುಖ ಸ್ಪಷ್ಟ, ಬಿಲ್ಲು ಮಾತ್ರ ಇಲ್ಲ. "ನಿನ್ನೆ ಸಮಾ ಇದ್ದಿತ್ತ್, ಇವತ್ತ್ ಎಂತ ಆಯ್ತ್ ಮರಾಯ್ರೆ?" ಎಂಬ ಮಾಲೀಕರ ಉದ್ಗಾರವೇ ಈ ಶಾಸ್ತ್ರದ ಮೂಲಪ್ರಶ್ನೆ.

ಪೂರ್ವಪಕ್ಷಗಳು ಎರಡು. ವೈರಸ್‌ವಾದಿಗಳನ್ನು ಖಂಡಿಸಿ ಪುಟ ಹಾಳುಮಾಡಲಾರೆ. ಆಫ್-ಆನ್ ಸಂಪ್ರದಾಯದವರು ಮಾತ್ರ ಬಲಿಷ್ಠರು: ಸ್ವಿಚ್ ತೆಗೆದು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ದುರದೃಷ್ಟವಶಾತ್ ಕೆಲವೊಮ್ಮೆ ಹೋಗುತ್ತದೆ. ಆ ಮತ ಇನ್ನೂ ಬದುಕಿರುವುದು ಅದರಿಂದಲೇ.

ಈಗ ಸಿದ್ಧಾಂತ. ಪೋರ್ಟು ಮೊದಲು ಕೇಳಿದವನಿಗೆ ಸಲ್ಲುತ್ತದೆ. ಜಾತಿ, ಕುಲ, ಪರವಾನಗಿ ಯಾವುದೂ ನಡೆಯದು. ಎರಡನೆಯವನಿಗೆ 'ವಿಳಾಸ ಈಗಾಗಲೇ ಬಳಕೆಯಲ್ಲಿದೆ' ಎಂಬ ಉತ್ತರ. ಅದನ್ನು ಲಾಗಿನಲ್ಲಿ ಬರೆದಿಟ್ಟು ಅವನು ಪ್ರಾಣ ಬಿಡುತ್ತಾನೆ. ಹಿಂದೆ ಲಿನಕ್ಸಿನಲ್ಲಿ ಸೇವೆಗಳು ಸರದಿಯ ಸಂಖ್ಯೆ ಹಿಡಿದು ಒಂದೊಂದಾಗಿ ಏಳುತ್ತಿದ್ದವು. 2010ರಲ್ಲಿ ಈ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಬಂದ ಮೇಲೆ, ಇಂಥದರ ನಂತರ ಇಂಥದು ಎಂದು ಬರೆದಿಡದಿದ್ದರೆ ಎಲ್ಲವೂ ಒಟ್ಟಿಗೇ ಏಳುತ್ತವೆ. ಇಂದು ಗೆದ್ದವನು ನಾಳೆಯೂ ಗೆಲ್ಲುವನೆಂಬ ಭರವಸೆಯಿಲ್ಲ.

ಪಟ್ಟಿ ಇಲ್ಲವೇ ಎಂದರೆ, ಇದೆ. ಯಾವ ಸಂಖ್ಯೆ ಯಾರದೆಂದು ಅಂತರ್ಜಾಲದ ಸಂಖ್ಯೆಗಳ ಲೆಕ್ಕ ಇಡುವ ಐಯಾನಾ ಸಂಸ್ಥೆ ಬರೆದಿಟ್ಟಿದೆ. ಆದರೆ ಪಟ್ಟಿ ಕಾವಲು ಕಾಯುವುದಿಲ್ಲ. 631 ಮುದ್ರಣಸೇವೆಯದೆಂದು ಲೋಕಕ್ಕೇ ಗೊತ್ತು. ಆದರೂ ಕಡತ ಹಂಚುವ ಹಳೆಯ ಸೇವೆಗಳು 600ರಿಂದ 1023ರೊಳಗೆ ಖಾಲಿ ಕಂಡದ್ದನ್ನು ಹಿಡಿಯುವ ಅಭ್ಯಾಸದವು. ಒಮ್ಮೊಮ್ಮೆ 631ರಲ್ಲೇ ಕೂತುಬಿಡುತ್ತಿದ್ದವು, ಪ್ರಿಂಟರು ಹೊರಗೆ. ಇದಕ್ಕೆಂದೇ 'ಪೋರ್ಟ್‌ರಿಸರ್ವ್' ಎಂಬ ತಂತ್ರಾಂಶ ಹುಟ್ಟಿತು: ಕುಂದಾಪುರ ಬಸ್ಸಿನಲ್ಲಿ ಕಿಟಕಿಯಿಂದ ಬೈರಾಸು ಎಸೆದು ಸೀಟು ಹಿಡಿದಂತೆ, ಬೂಟಿನ ಆರಂಭದಲ್ಲೇ ಜಾಗ ಹಿಡಿದು, ಯಜಮಾನ ಬಂದಾಗ ಬಿಟ್ಟುಕೊಡುವುದು ಅದರ ಧರ್ಮ. ದೊಡ್ಡವರೂ ಸಾಚಾ ಅಲ್ಲ. 2021ರಲ್ಲಿ ಆಪಲ್‌ನ ಮಾಂಟೆರೇ ಕಾರ್ಯಾಚರಣ ವ್ಯವಸ್ಥೆ ತನ್ನ ಏರ್‌ಪ್ಲೇಗಾಗಿ 5000ರಲ್ಲಿ ಕೂತಿತು; ಅಲ್ಲೇ ಫ್ಲಾಸ್ಕ್ ಎಂಬ ವೆಬ್ ತಂತ್ರಾಂಶ ಓಡಿಸುತ್ತಿದ್ದ ಪ್ರೋಗ್ರಾಮರುಗಳು ತಲೆ ಕೆರೆದುಕೊಂಡರು.

ಪ್ರಸ್ತುತ ಸಂಶೋಧಕನ ಸ್ವಂತ ಕೊಡುಗೆ ಒಂದೇ: ದೂರು ಕೊಡುವವನು ಕಳೆದುಕೊಂಡವನು, ಹಿಡಿದು ಕೂತವನು ಮೌನಿ. ಅಂಗಡಿಯಲ್ಲಿ ಬಿಲ್ಲಿಂಗ್ ಸೋತ ದಿನ ಲಾಗಿನಲ್ಲಿ ಕಾಣುವುದು ಬಿಲ್ಲಿಂಗಿನ ಹೆಸರು. ಆದ್ದರಿಂದ ಬೈಗುಳವೂ ಅದಕ್ಕೆ, ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವ ಶಿಕ್ಷೆಯೂ ಅದಕ್ಕೇ. ಕ್ಯಾಮೆರಾ ಎಲ್ಲವನ್ನೂ ನೋಡುತ್ತ ಸುಮ್ಮನಿರುತ್ತದೆ.

ಅಂಗಡಿಯಲ್ಲಿ ಬಿಲ್ಲಿಂಗನ್ನು 8081ಕ್ಕೆ ಬದಲಿಸಲಾಯಿತು, ಜಗಳ ತೀರಿತು. ನಿಮ್ಮಲ್ಲೂ ಹೀಗಾದರೆ ನೆಟ್‌ಸ್ಟಾಟ್ ಆಜ್ಞೆ ಹಾಕಿ, ಪೋರ್ಟಿನಲ್ಲಿ ಯಾರು ಕೂತಿದ್ದಾರೆಂದು ಮೊದಲು ನೋಡಿ. ಬೈಯುವುದು ಆಮೇಲೆ.