ಬೋಲ್ಟ್ ಗೌಡರು

ಅರಕಲಗೂಡು ಸೀಮೆಯಲ್ಲಿ ಕೋವಿ ಇಟ್ಟುಕೊಂಡವರು ಎರಡು ಬಗೆ. ಒಬ್ಬರು ಗೋಡೆಗೆ ತೂಗುಹಾಕಿ ನೆಂಟರಿಗೆ ತೋರಿಸುವವರು. ಇನ್ನೊಬ್ಬರು ಬಿಚ್ಚಿ, ಉಜ್ಜಿ, ಎಣ್ಣೆ ಬಿಟ್ಟು, ಜೋಡಿಸಿ, ಸಮಾಧಾನವಾಗದೆ ಮತ್ತೆ ಬಿಚ್ಚುವವರು. ಬೋಲ್ಟ್ ಗೌಡರು ಈ ಎರಡನೆಯ ಪಂಗಡದ ಪಟೇಲರು.

ಬೆಳೆ ರಕ್ಷಣೆಗೆಂದು ಅಪ್ಪನ ಕಾಲದಲ್ಲಿ ಸಿಕ್ಕ ಲೈಸೆನ್ಸು, ಇಶಾಪುರ ಕಾರ್ಖಾನೆಯ .315 ರೈಫಲ್ಲು. ಶುಂಠಿ ಬಿತ್ತನೆ ಕೇಳಲು ಬಂದವನನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಶುರು: “.303 ಸೈನ್ಯದ ತೋಟಾ, ನಮ್ಮಂಥೋರಿಗೆ ಕೊಡಕ್ಕಿಲ್ಲ. ಅದ್ಕೇ ಈ .315. ಒಳಗಿನ ಯಂತ್ರ ಮಾತ್ರ 1895ರ ಲೀ ಎನ್‌ಫೀಲ್ಡಿನ ವಂಶ. ತೋಟಾ ತುಂಬೋ ಈ ಬೋಲ್ಟನ್ನ ಎತ್ತು, ಎಳಿ, ತಳ್ಳು, ಇಳಿಸು. ನಾಕೇ ಕೆಲ್ಸ ಕಣ್ಲಾ, ಬೆಣ್ಣೆ ಮೇಲೆ ಜಾರ್ದಂಗೆ ಜಾರ್ಬೇಕು!”

ಜಾರುತ್ತಿರಲಿಲ್ಲ. ಎಳೆದಾಗ ‘ಖರಕ್’, ತಳ್ಳಿದಾಗ ‘ಖಟಾರ್’. ಆ ಸದ್ದಿನ ಮೇಲೆ ಗೌಡರು ಯುದ್ಧ ಸಾರಿದರು. ಮೊದಲು ಹೊಲಿಗೆ ಮಿಷನ್ನಿನ ಎಣ್ಣೆ ಮಾಯವಾಯಿತು, ಆಮೇಲೆ ಮೊಮ್ಮಕ್ಕಳ ಟೂತ್‌ಪೇಸ್ಟು. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ಬೀಗರು ಮಾತ್ರ ಗದರಿದರು: “ಬೋಲ್ಟಿಗೆ ಬೀಗ ಬೀಳೋ ಲಗ್ಗು ಮುಟ್ಟೀರಿ ಮತ್ತೆ! ಅದು ಸವೆದ್ರೆ ತೋಟಾ ಹಿಂದೆ ಸಂದು ಬಿದ್ದು ಮುಖಕ್ಕೇ ಸಿಡೀತದೆ. ಲೈಸೆನ್ಸ್ ಇರೋ ಅಂಗಡೀಲಿ ತೋರ್ಸಿ.” ಗೌಡರು ತಲೆಯಾಡಿಸಿದರು. ಬೀಗರ ಬಸ್ಸು ಹೊರಟಿದ್ದೇ ತಡ, ಎಣ್ಣೆ ಬಟ್ಟೆ ಹೊರಬಂತು.

ಗೌಡರಿಗೆ ಶತ್ರುಗಳು ಇಬ್ಬರು. ಒಂದು ಚುನಾವಣೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಸಲವೂ ರೈಫಲ್ಲು ಠಾಣೆ ಸೇರಿತು. “ಬೋಲ್ಟ್ ಒಂದು ಆಡಿಸ್ಬೇಡಿ ಸಾರ್” ಎಂದು ಕೈಮುಗಿದು ಬಂದರು. ವಾಪಸು ತಂದ ದಿನ ಊಟ ಬಿಟ್ಟು ಕಿವಿಗೊಟ್ಟು ಕೇಳಿದರು: “ಯಾರೋ ಆಡ್ಸವ್ರೆ!”

ಇನ್ನೊಂದು ಆಯುಧಪೂಜೆ. ಹೆಂಡತಿ ಭಕ್ತಿಯಿಂದ ಬಳಿದ ಅರಿಶಿನ ಕುಂಕುಮ ಬೋಲ್ಟಿನ ಸಂದಿಗೆ ಇಳಿದರೆ ದೀಪಾವಳಿವರೆಗೂ ಮನೆಯಲ್ಲಿ ಮಾತಿಲ್ಲ. ಗೌಡರ ಗೊಣಗಾಟ: “ಶನಿವಾರಸಂತೆ ಕಡೆ, ಕೊಡಗಿಗೆ ಹೋಗಿ ನೋಡು. ಅಲ್ಲಿ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ತೋಕ್‌ಪೂ ಅಂತ ಹೂವ ನಳಿಗೆ ತುದಿಗೆ ಸಿಗಿಸ್ತಾರೆ, ಬೋಲ್ಟಿಗೆ ಒಂದು ಧೂಳಿಲ್ಲ!”

ಕಡೆಗೂ ಗೌಡರು ಗೆದ್ದರು. ಬೋಲ್ಟು ಉಸಿರೂ ಬಿಡದೆ ಜಾರತೊಡಗಿತು. ಅದೇ ವಾರ ಆಲೂಗಡ್ಡೆ ಹೊಲಕ್ಕೆ ಹಂದಿ ಹಿಂಡು ನುಗ್ಗಿತು. 1972ರ ವನ್ಯಜೀವಿ ಕಾಯ್ದೆ ಇರುವಾಗ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ, ತೋಟಾ ದಂಡ ಮಾಡಲು ಮನಸ್ಸಿಲ್ಲ. ಇಷ್ಟು ವರ್ಷ ಕತ್ತಲಲ್ಲಿ ನಿಂತು ಬೋಲ್ಟು ಎಳೆದರೆ ಸಾಕಿತ್ತು. ಗೌಡರು ಎಳೆದರು, ತಳ್ಳಿದರು, ಮತ್ತೆ ಎಳೆದರು. ಹಂದಿಗಳು ತಲೆಯೆತ್ತದೆ ಸಾಲು ಮುಗಿಸಿದವು.

ಗೌಡತಿ ತಗಡಿನ ಡಬ್ಬ ಬಡಿಯುತ್ತ ಬಂದು ಓಡಿಸಿದಳು. “ಏನೀ, ಆ ಖರಕ್ ಅನ್ನೋದಾದ್ರೂ ಉಳ್ಸಿದ್ರೆ ಗೆಡ್ಡೆ ಉಳೀತಿತ್ತು.”

ಗೌಡರು ಕೇಳಿಸಿಕೊಳ್ಳಲಿಲ್ಲ. ಟಾರ್ಚ್ ಬೆಳಕಿನಲ್ಲಿ ಬೋಲ್ಟು ನೋಡುತ್ತಿದ್ದರು: “ಇಬ್ಬನಿ ಕೂತದೆ ಕಣೇ, ಒಸಿ ಎಣ್ಣೆ ತಾ.”